ಒಂದನೇ ಮೇಜಿನ ಗುಂಡಿ

ಬಹರೇನಿನ ನಮ್ಮ ಕನ್ನಡ ಬಳಗದ ಕ್ವಿಜ್‌ಗೆ ಬಜರ್ ಮಾಡಿಕೊಡುತ್ತೇನೆಂದು ನಾನೇ ಒಪ್ಪಿಕೊಂಡಿದ್ದೆ. ಸೀಫ್ ಬಡಾವಣೆಯ ಆಫೀಸಿನಲ್ಲಿ ನನ್ನ ಕೆಲಸವೇ ಅಂಥದ್ದು: ಲಿನಕ್ಸ್ ವ್ಯವಸ್ಥೆ ಓಡುವ ಅಂಗೈಯಗಲದ ಕಂಪ್ಯೂಟರ್ ಬೋರ್ಡುಗಳಿಗೆ ಪ್ರೋಗ್ರಾಂ ಬರೆಯುವುದು. ನಾಲ್ಕು ಮೇಜು, ನಾಲ್ಕು ಗುಂಡಿ, ಯಾರು ಮೊದಲು ಒತ್ತಿದರೋ ಅವರ ಸಂಖ್ಯೆ ಪರದೆಯ ಮೇಲೆ. ಒಂದು ಸಂಜೆಯ ಕೆಲಸ ಎಂದುಕೊಂಡು ಒಂದೇ ಸಂಜೆಯಲ್ಲಿ ಮುಗಿಸಿದೆ.

ಶುಕ್ರವಾರ ಮಾಹೂಝ್‌ನ ನಮ್ಮ ಫ್ಲ್ಯಾಟಿನಲ್ಲೇ ಅಭ್ಯಾಸ. ಒಂದನೇ ಮೇಜಿನಲ್ಲಿ ನನ್ನ ಹೆಂಡತಿಯ ತಂಡ. ಮೂರನೆಯದರಲ್ಲಿ ಮಂಗಳೂರಿನ ಕಡೆಯ ನರ್ಸ್ ಒಬ್ಬರು. ನಮ್ಮ ಮೇಲಿನ ಮಹಡಿಯವರು. ಹತ್ತು ಪ್ರಶ್ನೆ ಮುಗಿಯುವಷ್ಟರಲ್ಲಿ ಪೈಪೋಟಿ ಬಿದ್ದಾಗಲೆಲ್ಲ ಪರದೆಯ ಮೇಲೆ ಒಂದೇ ಸಂಖ್ಯೆ: ಒಂದು.

ನರ್ಸ್ ಎದ್ದು ನಿಂತರು. "ಎಂತದು ಮಾರಾಯ್ರೇ, ನಿಮ್ಮ ಮಷೀನಿಗೆ ನಿಮ್ಮ ಹೆಂಡ್ತಿಯ ಗುರುತುಂಟಾ?"

ಎಲ್ಲರೂ ನಕ್ಕರು. ನನ್ನ ಹೆಂಡತಿ ಮಾತ್ರ ಗಂಭೀರವಾಗಿ, "ನಮ್ಮ ಕೈ ಫಾಸ್ಟ್ ಇದೆ ಕಣ್ರೀ" ಎಂದಳು.

ಲ್ಯಾಪ್‌ಟಾಪ್ ತೆಗೆದು ನಾನು ಬರೆದದ್ದನ್ನೇ ಓದಿದೆ. ತಪ್ಪು ಅಲ್ಲೇ ಇತ್ತು. ನನ್ನ ಪ್ರೋಗ್ರಾಂ ಒಂದನೇ ಗುಂಡಿಯಿಂದ ಹಿಡಿದು ನಾಲ್ಕರವರೆಗೆ 'ಒತ್ತಿದ್ದಾರಾ?' ಎಂದು ಸರದಿಯಲ್ಲಿ ನೋಡಿ, ಆಮೇಲೆ ಅರ್ಧ ಸೆಕೆಂಡು ಸುಮ್ಮನಿರುತ್ತಿತ್ತು. ಆ ಅರ್ಧ ಸೆಕೆಂಡಿನಲ್ಲಿ ಒಂದನೇ ಮೇಜಿನವರೂ ಇನ್ನೊಬ್ಬರೂ ಒತ್ತಿ ಹಿಡಿದರೆ, ಯಾರು ಮೊದಲು ಒತ್ತಿದ್ದರೂ ಅದರ ಕಣ್ಣಿಗೆ ಮೊದಲು ಬೀಳುವುದು ಒಂದನೇ ಮೇಜೇ.

ಹೀಗಾಗಿದೆ ಎಂದು ನಾನು ಒಪ್ಪಿಕೊಂಡಾಗ ನರ್ಸ್ ನನ್ನನ್ನು ಕನಿಕರದಿಂದ ನೋಡಿದರು. "ನಮ್ಮ ವಾರ್ಡಲ್ಲಿ ಪೇಶೆಂಟ್ ಬೆಲ್ ಒತ್ತಿದ್ರೆ ನಾವು ಹೋಗುವುದು. ಒಂದೊಂದೇ ಬೆಡ್ಡಿಗೆ ಹೋಗಿ 'ನಿಮಗೆ ಬೇಕಾ, ನಿಮಗೆ ಬೇಕಾ' ಅಂತ ಕೇಳ್ಲಿಕ್ಕೆ ಉಂಟಾ?"

ಗುಂಡಿಯೇ ಪ್ರೋಗ್ರಾಮನ್ನು ಕರೆಯುವ 'ಇಂಟರಪ್ಟ್' ಎಂದರೆ ಏನೆಂದು ನನಗೆ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಬೋರ್ಡಿನಲ್ಲಿ ಆ ಸೌಲಭ್ಯವಿತ್ತು; ಸೋಮಾರಿತನದಿಂದ ಬಳಸಿರಲಿಲ್ಲ, ಅಷ್ಟೆ. ಇಲ್ಲಿ ಕೆಲಸದ ವಾರ ಶುರುವಾಗುವ ಭಾನುವಾರ, ಆಫೀಸಿನ ಊಟದ ಬಿಡುವಿನಲ್ಲಿ ಕುಳಿತು ಎಲ್ಲವನ್ನೂ ಬದಲಿಸಿದೆ. ಈಗ ಪ್ರೋಗ್ರಾಂ ಯಾರನ್ನೂ ಕೇಳುವುದಿಲ್ಲ, ಮಲಗಿರುತ್ತದೆ. ಗುಂಡಿ ಒತ್ತಿದ ಕ್ಷಣ ಲಿನಕ್ಸೇ ಅದನ್ನು ಎಬ್ಬಿಸುತ್ತದೆ. ಆದರೆ ಒಮ್ಮೆ ಒತ್ತಿದರೆ ಐದಾರು ಬಾರಿ ಎಬ್ಬಿಸತೊಡಗಿತು. ಗುಂಡಿಯೊಳಗಿನ ಲೋಹದ ಪಟ್ಟಿ ಕೂರುವ ಮೊದಲು ಸಣ್ಣಗೆ ಪುಟಿಯುತ್ತದೆ. ಪ್ರತಿ ಪುಟಿತವೂ ಒಂದು ಕರೆ. ಮೊದಲ ಕರೆ ಬಂದ ಕೂಡಲೇ ಬಾಗಿಲು ಹಾಕಿಬಿಡು, ಪ್ರಶ್ನೆ ಕೇಳುವವರು ತೆರೆಯುವ ತನಕ ಯಾರ ಮಾತೂ ಕೇಳಬೇಡ ಎಂದು ಬರೆದೆ. ಸರಿಹೋಯಿತು.

ಮುಂದಿನ ಶುಕ್ರವಾರ ಬಾಡಿಗೆ ಸಭಾಂಗಣದಲ್ಲಿ ಫೈನಲ್. ಕಪ್ ಯಾರಿಗೆಂದು ತೀರ್ಮಾನಿಸುವ ಕೊನೆಯ ಪ್ರಶ್ನೆ: "ಹಳೇಬೀಡಿನ ಹಳೆಯ ಹೆಸರೇನು?" ಒಂದನೇ ಮೇಜು, ಮೂರನೇ ಮೇಜು, ಎರಡರ ಕೈಗಳೂ ಒಟ್ಟಿಗೇ ಗುಂಡಿಗೆ ಬಿದ್ದವು. ಪರದೆಯ ಮೇಲೆ ದೊಡ್ಡದಾಗಿ ಮೂರು.

ನರ್ಸ್ ಎರಡೂ ಕೈ ಎತ್ತಿ ನನ್ನತ್ತ ನೋಡಿ ನಕ್ಕರು. ಆಮೇಲೆ ಮುಖ ಸಪ್ಪಗಾಯಿತು. "ಅಯ್ಯೋ ದೇವ್ರೇ, ನಾಲಗೆಯ ತುದಿಯಲ್ಲಿ ಉಂಟು!" ಅಲ್ಲಿಂದ ಅದು ಇಳಿಯಲೇ ಇಲ್ಲ. ಬಜರ್ ಮತ್ತೆ ತೆರೆದಾಗ ಪ್ರಶ್ನೆ ನನ್ನ ಹೆಂಡತಿಗೆ ಬಂತು. ಅವಳಿಗೂ ನೆನಪಾಗಲಿಲ್ಲ. ಇಡೀ ಸಂಜೆ ನಿಧಾನವಾಗಿ ಗುಂಡಿ ಒತ್ತಿಕೊಂಡಿದ್ದ ನಾಲ್ಕನೇ ಮೇಜಿನ ಹಿರಿಯರು, ಇಲ್ಲಿನ ಅವಾಲಿ ಊರಿನಿಂದ ಬಂದವರು, "ದ್ವಾರಸಮುದ್ರ" ಎಂದು ಮೆಲ್ಲಗೆ ಹೇಳಿ ಕಪ್ ಎತ್ತಿಕೊಂಡರು.

ನಾನು ವೈರುಗಳನ್ನು ಸುತ್ತುತ್ತಿದ್ದಾಗ ಹೆಂಡತಿ ಮತ್ತು ನರ್ಸ್ ಒಂದೇ ತಟ್ಟೆಯಿಂದ ಬೋಂಡ ತಿನ್ನುತ್ತ ನನ್ನ ಬಳಿ ಬಂದರು.

"ಮಷೀನ್ ಸರಿ ಉಂಟು" ಎಂದರು ನರ್ಸ್. "ಪ್ರಶ್ನೆಯೇ ಸರಿ ಇರ್ಲಿಲ್ಲ."

"ಹೌದು ಕಣ್ರೀ" ಎಂದಳು ನನ್ನ ಹೆಂಡತಿ. ಆ ಎರಡು ಶುಕ್ರವಾರಗಳಲ್ಲಿ ಅವರಿಬ್ಬರು ಒಪ್ಪಿದ್ದು ಅದೊಂದೇ ಮಾತಿಗೆ.