ಏಳನೆಯ ಹಾಸಿಗೆಯ ಪೊಟ್ಯಾಸಿಯಂ

೨೦೧೮ನೆಯ ಇಸವಿ ಫೆಬ್ರವರಿ ೧೨, ಸೋಮವಾರ. ಚಳಿಗಾಲ ಮುಗಿಯುತ್ತ ಬಂದಿತ್ತು, ಮುಗಿದಿರಲಿಲ್ಲ. ಬೆಳಗಿನ ಎಂಟು ಗಂಟೆಗೂ ಆಸ್ಪತ್ರೆಯ ಕಿಟಕಿಗಾಜುಗಳ ಮೇಲಿನ ಮಂಜಿನ ಹನಿ ಆರಿರಲಿಲ್ಲ. ಮೋಡ ಮಾತ್ರ ಒಂದೂ ಇರಲಿಲ್ಲ. ಆ ದಿನ ಎಂಟು ಗಂಟೆ ಹತ್ತು ನಿಮಿಷಕ್ಕೆ ಮೂತ್ರಪಿಂಡ ರೋಗಿಗಳ ವಾರ್ಡಿನಲ್ಲಿ ಮೂವತ್ತಮೂರು ವರ್ಷದ ವಿದ್ಯಾರ್ಥಿನಿಯೊಬ್ಬಳ ಕೈಗೆ ಏಳನೆಯ ಹಾಸಿಗೆಯ ಕಡತ ಬಂತು.

ಮೂವತ್ತಮೂರಕ್ಕೆ ವಿದ್ಯಾರ್ಥಿನಿಯೆಂದರೆ ಕೇಳಿದವರು ಹುಬ್ಬೇರಿಸುವುದು ಸಹಜ. ಆಕೆ ಅದಕ್ಕೆ ಮೊದಲು ಒಂಬತ್ತು ವರ್ಷ ಒಂದು ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದಳು. ಗಾಜಿನ ನಳಿಕೆಗಳನ್ನು ತೊಳೆದು, ಒಣಗಿಸಿ, ಚೌಕಟ್ಟಿನಲ್ಲಿ ಜೋಡಿಸುವುದು ಕೆಲಸ. ಮಕ್ಕಳು ಆಲೂಗಡ್ಡೆಯ ಹೋಳಿನ ಮೇಲೆ ಅಯೋಡಿನ್ ಹನಿಸಿ, ಅದು ನೀಲಿಯಾದುದನ್ನು ನೋಡಿ, ಗಂಟೆ ಹೊಡೆದೊಡನೆ ಓಡಿಹೋದ ಮೇಲೆ ಆಕೆ ಒಬ್ಬಳೇ ನಿಂತು ಬ್ರೆಡ್ಡಿನ ಚೂರಿನಿಂದ ಹಿಡಿದು ತನ್ನ ಬುತ್ತಿಯಲ್ಲಿದ್ದುದೆಲ್ಲವನ್ನೂ ಅದೇ ಹನಿಗೆ ಒಡ್ಡುತ್ತಿದ್ದಳು. ಬಾಳೆಕಾಯಿ ಕಪ್ಪಾಗುವಷ್ಟು ನೀಲಿಯಾಗುತ್ತದೆ. ಅದೇ ಕಾಯಿ ಚೆನ್ನಾಗಿ ಹಣ್ಣಾದ ಮೇಲೆ ಬಣ್ಣವೇ ಏರುವುದಿಲ್ಲ. ಒಳಗಿದ್ದುದು ಎಲ್ಲಿಗೆ ಹೋಯಿತು? ವಿಜ್ಞಾನದ ಮೇಷ್ಟ್ರನ್ನು ಕೇಳಿದಳು. ಅವರು ಅಂದು ನಲವತ್ತು ಉತ್ತರಪತ್ರಿಕೆಗಳನ್ನು ತಿದ್ದಬೇಕಾಗಿತ್ತು. ಅದನ್ನೆಲ್ಲ ತಿಳಿಯಬೇಕಾದರೆ ಕಾಲೇಜಿಗೇ ಹೋಗಬೇಕಮ್ಮ ಎಂದು ಹೇಳಿ ತಪ್ಪಿಸಿಕೊಂಡರು. ತಪ್ಪಿಸಿಕೊಳ್ಳಲು ಆಡಿದ ಮಾತನ್ನು ಆಕೆ ಅಪ್ಪಣೆಯೆಂದೇ ತಿಳಿದಳು. ೨೦೧೪ರ ಜೂನ್ ೧೬ರಂದು ಆಹಾರ ವಿಜ್ಞಾನ ಮತ್ತು ಪೋಷಣೆಯ ತರಗತಿಯಲ್ಲಿ, ತನಗಿಂತ ಹನ್ನೊಂದು ವರ್ಷ ಚಿಕ್ಕವರ ನಡುವೆ, ಎರಡನೆಯ ಬೆಂಚಿನ ತುದಿಯಲ್ಲಿ ಕುಳಿತಳು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಹೆಂಡತಿಯ ಓದಿಗೆ ಆತ ಅಡ್ಡಿ ಹೇಳಿದವನಲ್ಲ. ಆದರೆ ಮನೆಗೆ ಒಂದು ಪುಟ್ಟ ವಿದ್ಯುತ್ ತಕ್ಕಡಿ ಬಂದ ಮೇಲೆ ಅವನ ತಾಳ್ಮೆಗೂ ಒಂದು ಅಳತೆ ಹುಟ್ಟಿಕೊಂಡಿತು. ಹಸಿ ಕ್ಯಾರೆಟ್ ತೂಗಬೇಕು, ಬೆಂದ ಮೇಲೆ ತೂಗಬೇಕು, ಉಂಡು ಬಿಟ್ಟದ್ದನ್ನೂ ತೂಗಬೇಕು.

“ಲೇ, ಅದು ನನ್ನ ತಟ್ಟೆ. ಎಂಜಿನ್ನಿನ ಬಿಡಿಭಾಗ ಅಲ್ಲ,” ಎಂದು ಆತ ಒಂದು ದಿನ ಹೇಳಿದ. “ಹೊಟ್ಟೆ ಚುರುಗುಟ್ತಿದೆ.”

“ಒಂದೇ ನಿಮಿಷ ರೀ. ಆ ಕೊನೇ ಅಂಕಿ ಓಡ್ತಾನೇ ಇದೆ, ನಿಲ್ಲಲಿ.”

“ನೀನು ಮುಟ್ಟಿದ ಮೇಲೆ ಯಾವುದು ನಿಂತಿದೆ?”

ಕಾಲೇಜಿನ ಹುಡುಗಿಯರು ಆಕೆಗೆ ತಕ್ಕಡಿಯಕ್ಕ ಎಂದು ಹೆಸರಿಟ್ಟರು. ಆ ಹೆಸರು ನೆರಳಿನಂತೆ ಆಸ್ಪತ್ರೆಗೂ ಬಂತು.

ನೋಂದಾಯಿತ ಆಹಾರ ತಜ್ಞೆ ಎನಿಸಿಕೊಳ್ಳಲು ಕೊನೆಯದಾಗಿ ಒಂದು ಪರೀಕ್ಷೆ ಬರೆಯಬೇಕು. ಅದು ಏಪ್ರಿಲ್ ೨೨ಕ್ಕೆ ನಿಗದಿಯಾಗಿತ್ತು; ತಪ್ಪಿದರೆ ಮತ್ತೆ ಅಕ್ಟೋಬರಿಗೆ. ಅದಕ್ಕೆ ಕೂರಬೇಕಾದರೆ ತಾನೇ ಪಥ್ಯ ಗೊತ್ತುಮಾಡಿ ನೋಡಿಕೊಂಡ ಒಬ್ಬ ರೋಗಿಯ ಪೂರ್ಣ ವರದಿ, ಆಸ್ಪತ್ರೆಯ ಮುಖ್ಯ ಆಹಾರ ತಜ್ಞೆಯ ಸಹಿಯೊಡನೆ, ಮಾರ್ಚ್ ೧೦, ಶನಿವಾರ ಸಂಜೆ ಐದರೊಳಗೆ ಸಲ್ಲಬೇಕು. ಆ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಎತ್ತರಕ್ಕಲ್ಲ, ಎತ್ತರ ಐದಡಿಗೂ ಒಂದಂಗುಲ ಕಡಿಮೆ. ತಕ್ಕಡಿಯಕ್ಕನ ಪಾಲಿಗೆ ಬಂದ ಆ ಒಬ್ಬ ರೋಗಿಯೇ ಏಳನೆಯ ಹಾಸಿಗೆ.

ಆತ ಗಡಿಯಾರ ರಿಪೇರಿ ಮಾಡುವವರು. ಅರವತ್ತೊಂದು ವರ್ಷ. ಪಾದದ ಗಾಯವೊಂದು ಮಾಯದೆ ಒಳಗೆ ಸೇರಿಸಿದ್ದರು. ಪರೀಕ್ಷಿಸುವಾಗ ಮೂತ್ರಪಿಂಡಗಳು ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿವೆಯೆಂದು ಗೊತ್ತಾಗಿತ್ತು. ತರಕಾರಿ ಹಣ್ಣುಗಳಲ್ಲಿರುವ ಪೊಟ್ಯಾಸಿಯಂ ಎಂಬ ಲವಣವನ್ನು ಆರೋಗ್ಯವಂತರ ಮೂತ್ರಪಿಂಡ ಹೊರಗೆ ಹಾಕುತ್ತದೆ. ಇವರದು ಹಾಕುತ್ತಿರಲಿಲ್ಲ. ರಕ್ತದಲ್ಲಿ ಅದು ಐದನ್ನು ಮೀರಬಾರದು, ಮೀರಿದರೆ ಹೃದಯಕ್ಕೆ ಅಪಾಯ, ಇವರಿಗೆ ೫.೮ ಇತ್ತು. ಊಟದಿಂದಲೇ ಇಳಿಸಿ ನೋಡೋಣ, ಇಳಿಯದಿದ್ದರೆ ಡಯಾಲಿಸಿಸ್ ಯಂತ್ರದ ಮಾತು ಎಂದು ಡಾಕ್ಟರು ಬರೆದಿದ್ದರು.

ಆಕೆ ಪಥ್ಯದ ಚೀಟಿ ಬರೆದಳು. ಹಣ್ಣಿನ ರಸ ಬೇಡ, ಟೊಮೇಟೊ ಬೇಡ, ಒಣಹಣ್ಣು ಬೇಡ. ಆದರೆ ಬರೀ ಬೇಡಗಳ ಚೀಟಿ ಹಿಡಿದು ಮನುಷ್ಯ ಎಷ್ಟು ದಿನ ಇದ್ದಾನು? ಆದ್ದರಿಂದ ಮೂರನೆಯ ಸಾಲಿನಲ್ಲಿ, ಆಲೂಗಡ್ಡೆ ಕ್ಯಾರೆಟ್ಟುಗಳನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಬಸಿದು ಕೊಡುವುದು ಎಂದು ಸೇರಿಸಿದಳು. ಹಾಗೆ ಮಾಡಿದರೆ ಲವಣದ ಅರ್ಧದಷ್ಟು ನೀರಿಗಿಳಿಯುತ್ತದೆ. ವಾರ್ಡಿನ ಉಳಿದ ಏಳು ರೋಗಿಗಳಿಗೆ ಕುಡಿಯುವುದಕ್ಕೆ ಮಿತಿಯಿತ್ತು, ಇವರಿಗಿರಲಿಲ್ಲ. ಆ ಸಂತೋಷಕ್ಕೆ ಐದನೆಯ ಸಾಲಿನಲ್ಲಿ, ತಿಳಿ ಸೂಪು, ಹೊತ್ತಿಗೆ ಎರಡು ಬಟ್ಟಲು ಎಂದು ಬರೆದಳು. ಬಾಯಿಗೆ ಬಿಸಿಯಾಗಿ ಏನಾದರೂ ಇರಲಿ ಎಂಬುದು ಆಕೆಯ ಎಣಿಕೆ. ಚೀಟಿಯನ್ನು ಅಡುಗೆಮನೆಯ ಕಿಟಕಿಯಲ್ಲಿ ಒಳಗೆ ಕೊಟ್ಟಳು. ವಿದ್ಯಾರ್ಥಿಗಳು ಆ ಕಿಟಕಿಯಿಂದಾಚೆಗೆ ಹೋಗುವ ರೂಢಿ ಇರಲಿಲ್ಲ.

ಫೆಬ್ರವರಿ ೧೯ರ ರಕ್ತಪರೀಕ್ಷೆ: ೫.೯. ಫೆಬ್ರವರಿ ೨೬: ೫.೮. ಮಾರ್ಚ್ ೫: ೬.೦.

ಆಲೂಗಡ್ಡೆ ಬಸಿದದ್ದು, ಹಣ್ಣು ಇಲ್ಲ, ಲೆಕ್ಕದ ಪ್ರಕಾರ ಇಳಿಯಲೇಬೇಕು. ಏರುತ್ತಿದೆ. ಆಕೆಗೆ ಭಯಕ್ಕಿಂತ ಮೊದಲು ಹುಟ್ಟಿದ್ದು ಕುತೂಹಲ. ಮೂರು ದಿನ ಮೂರು ಹೊತ್ತೂ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಬಂದ ತಟ್ಟೆಯನ್ನೂ ಹೋದ ತಟ್ಟೆಯನ್ನೂ ತೂಗಿದಳು. ಉಪ್ಪಿನ ಪೊಟ್ಟಣ ತರಿಸಿ ಓದಿದಳು, ಕೆಲವು ಬದಲಿ ಉಪ್ಪುಗಳಲ್ಲಿ ಪೊಟ್ಯಾಸಿಯಮ್ಮೇ ಇರುತ್ತದೆ; ಇದು ಮಾಮೂಲು ಉಪ್ಪು. ಮಾತ್ರೆಗಳ ಪಟ್ಟಿಯನ್ನು ಔಷಧ ವಿತರಕನ ಮುಂದೆ ಹಿಡಿದಳು, ಅದರಲ್ಲೂ ಏನಿಲ್ಲ. ಸೂಪನ್ನು ಪುಸ್ತಕದ ಕೋಷ್ಟಕದಲ್ಲಿ ನೋಡಿ, ಬಟ್ಟಲಿಗೆ ನಲವತ್ತು ಮಿಲಿಗ್ರಾಂ, ಲೆಕ್ಕಕ್ಕಿಲ್ಲದ್ದು ಎಂದು ಮುಂದೆ ಹೋದಳು.

ರಿಪೇರಿಯವರು ಇದನ್ನೆಲ್ಲ ವೃತ್ತಿಬಾಂಧವನ ಕಣ್ಣಿನಿಂದ ನೋಡುತ್ತಿದ್ದರು. ಯಾರೂ ಕೇಳದಿದ್ದರೂ ಒಂದು ಮಧ್ಯಾಹ್ನ ಹಾಸಿಗೆಯ ಪಕ್ಕದ ಡ್ರಾಯರನ್ನು ತಾವೇ ಎಳೆದು ತೋರಿಸಿದರು: ಒಂದು ಚಿಮಟ, ಕಣ್ಣಿಗಿಡುವ ಭೂತಗನ್ನಡಿ, ನರ್ಸುಗಳು ಕೊಟ್ಟ ನಾಲ್ಕು ಕೆಟ್ಟ ಕೈಗಡಿಯಾರ.

“ಬಾಳೆಹಣ್ಣು ಬಚ್ಚಿಟ್ಟಿದೀನಿ ಅಂತ ಎಲ್ಲರಿಗೂ ಅನುಮಾನ. ನೋಡ್ಕೊಳ್ಳಿ ಡಾಕ್ಟರಮ್ಮ.”

“ನಾನು ಡಾಕ್ಟರಲ್ಲ ಅಂತ ಎಷ್ಟು ಸಲ ಹೇಳಿದೀನಿ.”

“ಇರ್ಲಿ. ಗಡಿಯಾರ ಹಿಂದೆ ಬಿದ್ರೆ ಜನ ಮುಳ್ಳನ್ನ ಬೈತಾರೆ. ತಪ್ಪು ಮುಳ್ಳಿಂದಲ್ಲ, ಒಳಗೆಲ್ಲೋ ಇರತ್ತೆ. ಹುಡುಕಿ.”

ದೊಡ್ಡ ಮೇಡಂ ಅವರದು ಬೇರೆ ಅಭಿಪ್ರಾಯ. ಇಪ್ಪತ್ತಾರು ವರ್ಷಗಳ ಅನುಭವದಲ್ಲಿ ಅವರು ದಿಂಬಿನೊಳಗೆ ದ್ರಾಕ್ಷಿ ಕಂಡವರು, ಬಿಸಿನೀರಿನ ಫ್ಲಾಸ್ಕಿನಲ್ಲಿ ಕಿತ್ತಳೆ ರಸ ಕಂಡವರು. ನಾಲ್ಕು ಪರೀಕ್ಷೆ ಸಾಕು, ಪಥ್ಯ ಪಾಲಿಸದ ರೋಗಿ ಎಂದು ಬರೆದು ಮುಗಿಸು, ಶನಿವಾರ ಸಹಿ ಹಾಕುತ್ತೇನೆ ಎಂದರು. ಶುಕ್ರವಾರ ಸಂಜೆಯ ಹೊತ್ತಿಗೆ ವರದಿಯ ಹತ್ತೊಂಬತ್ತು ಪುಟಗಳು ಸಿದ್ಧವಾಗಿದ್ದವು, ಆ ಒಂದು ಸಾಲಿನ ಜಾಗ ಬಿಟ್ಟು.

ಶನಿವಾರ ಬೆಳಗ್ಗೆ ಒಂಬತ್ತೂ ಮುಕ್ಕಾಲಿಗೆ ಆಕೆ ಅಡುಗೆಮನೆಯ ಕಿಟಕಿಯ ಮುಂದೆ ನಿಂತು ಒಳಗೆ ಬರಬಹುದೇ ಎಂದು ಕೇಳಿದಳು. ತಟ್ಟೆಯಿಂದ ಈಚೆಗಿನದನ್ನೆಲ್ಲ ನೋಡಿಯಾಗಿತ್ತು; ತಟ್ಟೆಯಿಂದ ಆಚೆಗಿನದನ್ನು ನೋಡಿರಲಿಲ್ಲ. ಅಡುಗೆಮನೆಯ ಯಜಮಾನ ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಹಿರಿಯ ಅಡುಗೆಯವರು, ಮಿತಭಾಷಿ. ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಲೆಗೆ ಟೋಪಿ ಹಾಕಿದರೆ ಬರಬಹುದು, ತಕ್ಕಡಿ ಮಾತ್ರ ಹೊರಗಿರಲಿ ಎಂದರು.

ಒಳಗೆ ಎಲ್ಲವೂ ಚೀಟಿಯ ಪ್ರಕಾರವೇ ನಡೆಯುತ್ತಿತ್ತು. ಆಲೂಗಡ್ಡೆಯನ್ನು ಹೆಬ್ಬೆರಳ ಉಗುರಿನಷ್ಟು ಸಣ್ಣಗೆ ಹೆಚ್ಚಿದ್ದರು. ದೊಡ್ಡ ಪಾತ್ರೆಯ ತುಂಬ ನೀರು. ಇಡೀ ವಾರ್ಡಿಗೂ ಇದೇ ವಿಧಾನ ಅನುಕೂಲವೆಂದು ಯಜಮಾನರು ಎಂಟು ಜನರ ತರಕಾರಿಯನ್ನು ಒಂದೇ ಪಾತ್ರೆಯಲ್ಲಿ ಬೇಯಿಸುತ್ತಿದ್ದರು. ಹತ್ತೂ ಹತ್ತಕ್ಕೆ ಅದನ್ನು ಜಾಲರಿಯ ಮೇಲೆ ಬಗ್ಗಿಸಿದರು. ಆಕೆ ಆವಿಯ ನಡುವೆ ಕಣ್ಣು ಕಿರಿದಾಗಿಸಿ ನೋಡುತ್ತಿದ್ದಳು. ಬಸಿದ ನೀರು ಜಾಲರಿಯ ಕೆಳಗೆ ಸಿಂಕಿಗೆ ಬೀಳಲಿಲ್ಲ. ಕೆಳಗೊಂದು ಸ್ಟೀಲ್ ಪಾತ್ರೆ ಇತ್ತು. ಯಜಮಾನರು ಅದನ್ನೆತ್ತಿ ಪಕ್ಕದ ಒಲೆಯ ಮೇಲಿಟ್ಟರು, ಎರಡು ಈರುಳ್ಳಿ ಹಾಕಿದರು, ಮೆಣಸಿನ ಪುಡಿ ಉದುರಿಸಿದರು, ಅರ್ಧಕ್ಕಿಳಿಯಲಿ ಎಂದು ಉರಿ ಸಣ್ಣ ಮಾಡಿದರು.

“ಇದು ಏನು ಯಜಮಾನ್ರೇ?”

“ಸೂಪು. ನೀವೇ ಬರೆದಿದೀರಲ್ಲಮ್ಮ, ಐದನೇ ಸಾಲು.”

“ಮೊದಲೂ ಹೀಗೇ ಮಾಡ್ತಿದ್ರಾ?”

“ಮೊದಲು ಬರೀ ನೀರಲ್ಲಿ ಮಾಡ್ತಿದ್ದೆ. ಇಷ್ಟೊಂದು ಬಸಿಯೋ ನೀರು ಆಗೆಲ್ಲಿತ್ತು? ನಿಮ್ಮ ಚೀಟಿ ಬಂದ ಮೇಲೆ ಪಾತ್ರೆಗಟ್ಟಲೆ ಸಿಗ್ತಿದೆ. ತರಕಾರಿ ಸತ್ವ ಪೂರ್ತಿ ಅದರಲ್ಲೇ ಇರತ್ತೆ. ಚೆಲ್ಲೋಕೆ ಮನಸ್ಸು ಬರಲಿಲ್ಲ.”

ಆಕೆ ಒಲೆಯ ಮುಂದೆ ನಿಂತೇ ಇದ್ದಳು. ನಾಲ್ಕು ವರ್ಷ ಪುಸ್ತಕ ಓದಿ ತಾನು ಕಲಿತದ್ದನ್ನು ಈ ಮನುಷ್ಯ ಸೌಟು ಹಿಡಿದೇ ಕಲಿತಿದ್ದ: ಸತ್ವ ನೀರಿಗಿಳಿಯುತ್ತದೆ. ಇಬ್ಬರಿಗೂ ಗೊತ್ತಿದ್ದುದು ಒಂದೇ ವಿಷಯ. ಎಂಟು ತಟ್ಟೆಗಳಿಂದ ತೆಗೆದ ಪೊಟ್ಯಾಸಿಯಂ, ಕುದಿದು ಗಟ್ಟಿಯಾಗಿ, ಕುಡಿಯಲು ಮಿತಿಯಿಲ್ಲದ ಒಬ್ಬನೇ ಒಬ್ಬನ ಬಟ್ಟಲಿಗೆ, ಹೊತ್ತಿಗೆ ಎರಡರಂತೆ ಹೋಗುತ್ತಿತ್ತು. ತೆಗೆಯುವ ಸಾಲನ್ನೂ ಕುಡಿಸುವ ಸಾಲನ್ನೂ ಬರೆದ ಕೈ ಒಂದೇ.

“ಆ ಸತ್ವನೇ ಅವರಿಗೆ ಬೇಡವಾಗಿತ್ತು,” ಎಂದಳು.

ಯಜಮಾನರು ಸೌಟನ್ನು ಕೆಳಗಿಟ್ಟರು. “ಹಾಗಂತ ಒಂದು ಮಾತು ಬರೆದಿದ್ರೆ ಆಗ್ತಿತ್ತು, ತಾಯಿ. ಆ ಮನುಷ್ಯ ದಿನಾ ಸೂಪು ಚೆನ್ನಾಗಿದೆ ಅಂತ ಹೇಳಿ ಕಳಿಸ್ತಿದ್ದ.” ಒಲೆ ಆರಿಸಿ, ಪಾತ್ರೆಯನ್ನು ಸಿಂಕಿಗೆ ಬಗ್ಗಿಸಿದರು. ಇಪ್ಪತ್ತೆರಡು ವರ್ಷಗಳಲ್ಲಿ ಕುದಿಯುವ ಪಾತ್ರೆಯನ್ನು ಅವರು ಚೆಲ್ಲಿದ್ದು ಅದೇ ಮೊದಲು.

ಅಡುಗೆಮನೆಯಿಂದ ದೊಡ್ಡ ಮೇಡಂ ಅವರ ಕೋಣೆಗೆ ಮೂವತ್ತೆರಡು ಮೆಟ್ಟಿಲು. ಹತ್ತುವಾಗ ಆಕೆಗೆ ಎಲ್ಲವೂ ಕನ್ನಡಿಯಷ್ಟು ಸ್ಪಷ್ಟವಾಗಿತ್ತು. ಬಾಯಿ ಮುಚ್ಚಿಕೊಂಡು ಬಿಟ್ಟ ಜಾಗದಲ್ಲಿ ಮೂರು ಪದ ತುಂಬಿದರೆ ಸಂಜೆ ಐದರೊಳಗೆ ಸಹಿ, ಏಪ್ರಿಲಿನಲ್ಲಿ ಪರೀಕ್ಷೆ. ಸೂಪನ್ನು ಸದ್ದಿಲ್ಲದೆ ನಿಲ್ಲಿಸಿದರೂ ಆದೀತು. ರಿಪೇರಿಯವರ ಕಡತದಲ್ಲಿ ಮಾತ್ರ, ಮುಂದೆ ಯಾವ ಡಾಕ್ಟರು ತೆರೆದರೂ, ಈತ ಕದ್ದು ತಿನ್ನುವವನು ಎಂದಿರುತ್ತದೆ. ಬಾಯಿ ಬಿಟ್ಟರೆ ಏನಾದೀತೆಂದೂ ಗೊತ್ತಿತ್ತು. ಹತ್ತೊಂಬತ್ತನೆಯ ಮೆಟ್ಟಿಲಿನಲ್ಲಿ ಒಮ್ಮೆ ನಿಂತಳಂತೆ. ಅಲ್ಲಿ ನಿಂತಾಗ ತಲೆಗೆ ಬಂದದ್ದು ಪರೀಕ್ಷೆಯಲ್ಲ, ಒಂದು ಪ್ರಶ್ನೆ: ಸೂಪು ನಿಲ್ಲಿಸಿದರೆ ಎಷ್ಟು ದಿನದಲ್ಲಿ ಎಷ್ಟು ಇಳಿದೀತು? ಉತ್ತರ ತಿಳಿಯದೆ ಇರುವುದು ತನ್ನಿಂದಾಗದೆಂದು ಅರಿತು ಉಳಿದ ಹದಿಮೂರನ್ನು ಬೇಗ ಹತ್ತಿದಳು.

ದೊಡ್ಡ ಮೇಡಂ ಪೂರ್ತಿ ಕೇಳಿದರು. ಕನ್ನಡಕ ತೆಗೆದು ಒರೆಸಿದರು.

“ಚೆನ್ನಾಗಿ ಕಂಡುಹಿಡಿದೆ. ಆದರೆ ಇನ್ನೂ ಇದು ಊಹೆ. ಸೂಪು ನಿಲ್ಲಿಸಿ, ರಕ್ತದಲ್ಲಿ ಇಳಿದದ್ದು ಎರಡು ಸಲ ಕಾಣಲಿ. ಊಹೆಗೆ ನಾನು ಸಹಿ ಹಾಕಲ್ಲ.”

“ಅದಕ್ಕೆ ಎರಡು ಸೋಮವಾರ ಕಾಯಬೇಕು ಮೇಡಂ. ಇವತ್ತೇ ಕೊನೇ ದಿನ.”

“ಗೊತ್ತು. ಒಂದು ಗಂಟೆ ಮೊದಲು ಬಂದಿದ್ರೆ ಆ ಇನ್ನೊಂದು ವರದಿಗೆ ಹಾಕ್ತಿದ್ದೆ. ಈಗ ನೀನು ಹೇಳಿಬಿಟ್ಟೆಯಲ್ಲ, ಅದಕ್ಕೂ ಹಾಕೋ ಹಾಗಿಲ್ಲ.” ಕನ್ನಡಕ ಹಾಕಿಕೊಂಡು ಸೇರಿಸಿದರು: “ಆ ಮನುಷ್ಯನ ಮೇಲೆ ಅನುಮಾನ ಪಟ್ಟದ್ದು ನಾನು. ಅವರ ಹತ್ತಿರ ನಾನೇ ಹೋಗಿ ಮಾತಾಡ್ತೀನಿ.”

ಮನೆಯಲ್ಲಿ ಗಂಡ ವಿಷಯ ಕೇಳಿ, ಇನ್ನಾರು ತಿಂಗಳು ತನ್ನ ತಟ್ಟೆಗೆ ತಕ್ಕಡಿಯ ಯೋಗವೇ ಎಂದು ಮಾತ್ರ ಕೇಳಿದ. ಹೌದೆಂದಳು. ಆತ ತಟ್ಟೆಯನ್ನು ತಾನೇ ಎತ್ತಿ ತಕ್ಕಡಿಯ ಮೇಲಿಟ್ಟ.

ಅನಂತರ ನಡೆದದ್ದು ಹೀಗೆ. ಮಾರ್ಚ್ ೧೨ರ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ೫.೬, ೧೯ರಂದು ೫.೧, ೨೬ರಂದು ೪.೮. ಗಡಿಯಾರ ರಿಪೇರಿಯವರು ಮಾರ್ಚ್ ೩೧, ಶನಿವಾರ ಮನೆಗೆ ಹೋದರು. ೨೦೨೧ರ ಡಿಸೆಂಬರಿನವರೆಗಿನ ದಾಖಲೆಗಳ ಪ್ರಕಾರ ಅವರಿಗೆ ಡಯಾಲಿಸಿಸ್ ಬೇಕಾಗಿರಲಿಲ್ಲ. ಏಪ್ರಿಲ್ ೨ರಿಂದ ಆ ಆಸ್ಪತ್ರೆಯ ಪಥ್ಯದ ಚೀಟಿಯಲ್ಲಿ, ಬಸಿದ ನೀರನ್ನು ಯಾವುದಕ್ಕೂ ಬಳಸಕೂಡದು ಎಂಬ ಸಾಲು ಅಚ್ಚಾಗಿ ಬರತೊಡಗಿತು. ವಿದ್ಯಾರ್ಥಿಗಳು ವಾರದಲ್ಲಿ ಒಂದು ಬೆಳಗ್ಗೆ ಟೋಪಿ ಹಾಕಿಕೊಂಡು ಅಡುಗೆಮನೆಯಲ್ಲಿ ನಿಲ್ಲಬೇಕೆಂಬ ನಿಯಮವೂ ಅಂದಿನಿಂದಲೇ. ಆಕೆ ಏಪ್ರಿಲಿನ ಪರೀಕ್ಷೆ ಬರೆಯಲಿಲ್ಲ. ಅಕ್ಟೋಬರ್ ೧೪ರಂದು ಬರೆದಳು. ಫಲಿತಾಂಶ ಡಿಸೆಂಬರ್ ೩ರಂದು ಬಂತು: ತೇರ್ಗಡೆ, ನೂರಕ್ಕೆ ಎಪ್ಪತ್ತೊಂದು. ೨೦೧೯ರ ಜನವರಿ ೭ರಂದು ಬೇರೊಂದು ಆಸ್ಪತ್ರೆಯಲ್ಲಿ ನೋಂದಾಯಿತ ಆಹಾರ ತಜ್ಞೆಯಾಗಿ ಕೆಲಸಕ್ಕೆ ಸೇರಿದಳು. ಅಡುಗೆಮನೆಯ ಯಜಮಾನರು ೨೦೨೦ರ ಜೂನ್ ೩೦ರಂದು ನಿವೃತ್ತರಾದರು.