ಗುಜರಿಗೆ ಹೋದ ಕೊಕ್ಕರೆ

ನಮ್ಮ ದೊಡ್ಡಪ್ಪನದು ಸೈಕಲ್ ರಿಪೇರಿ ಅಂಗಡಿ. ಮೂವತ್ತು ವರ್ಷ ಪಂಕ್ಚರ್ ಹಾಕಿದ ಕೈಗೆ ಐವತ್ತೈದು ದಾಟಿದ ಮೇಲೆ ಹೊಸ ಚಟ ಹತ್ತಿತು: ಹಳೆಯ ಚೈನು, ಬ್ರೇಕು, ಬೆಲ್ಲುಗಳನ್ನು ವೆಲ್ಡಿಂಗ್ ಮಾಡಿ ಹಕ್ಕಿಗಳನ್ನು ಮಾಡುವುದು. ಸಿಕ್ಕ ತುಣುಕನ್ನು ಅವರು ತಕ್ಷಣ ಬೆಸೆಯುವುದಿಲ್ಲ. ವಾರಗಟ್ಟಲೆ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೆ. ತಾನು ಕೊಕ್ಕಾಗಬೇಕೋ ಕಾಲಾಗಬೇಕೋ ಎಂದು ಅದೇ ಹೇಳಬೇಕಂತೆ! ಅದು ಬಾಯಿಬಿಡುವಷ್ಟರಲ್ಲಿ ಜೇಬು ಹರಿದಿರುತ್ತದೆ. ಹೊಲಿಯುವ ಕೆಲಸ ದೊಡ್ಡಮ್ಮನದು.

“ಹೆತ್ತವರಿಗೆ ಹೆಗ್ಗಣ ಮುದ್ದು,” ಎಂದು ಅವರು ಸೂಜಿಗೆ ದಾರ ಪೋಣಿಸುತ್ತಾ ಗೊಣಗುತ್ತಿದ್ದರು. “ಇದನ್ನ ಯಾರಾದ್ರೂ ಹಕ್ಕಿ ಅಂದಿದಾರಾ? ನೋಡಿದವರೆಲ್ಲ ಗುಜರಿ ಅಂತಾರೆ.”

ದೊಡ್ಡಪ್ಪ ನಕ್ಕುಬಿಡುತ್ತಿದ್ದರು. ಆದರೆ ಆ ಮಾತು ಅವರಿಗೆ ನಾಟುತ್ತಿತ್ತು, ನನಗೆ ಗೊತ್ತು. ಅದಕ್ಕೇ ಗ್ರಂಥಾಲಯದವರು ತಮ್ಮ ಪ್ರದರ್ಶನಕ್ಕೆ ಒಂದು ಕೊಕ್ಕರೆ ಮಾಡಿಕೊಡಿ ಎಂದಾಗ ಎರಡು ತಿಂಗಳು ಊಟ ನಿದ್ದೆ ಮರೆತರು. ಚೈನಿನ ಕತ್ತು, ಮಡ್‌ಗಾರ್ಡಿನ ರೆಕ್ಕೆ. ನನ್ನ ಸೊಂಟದೆತ್ತರಕ್ಕೆ ನಿಂತಿತು ಕೊಕ್ಕರೆ.

ಪ್ರದರ್ಶನದ ಹಿಂದಿನ ದಿನ ಅದರ ಮೇಲೆ ಧೂಳು ಕೂರಬಾರದೆಂದು ಗೋಣಿಚೀಲದಲ್ಲಿ ಜೋಪಾನವಾಗಿ ಸುತ್ತಿ, ಹಿತ್ತಿಲ ಮೂಲೆಯಲ್ಲಿ ಹಳೇ ಕಬ್ಬಿಣದ ನಾಲ್ಕು ಚೀಲಗಳ ಪಕ್ಕ ಇಟ್ಟರು. ಆಮೇಲೆ, “ಮೂಲೇಲಿರೋ ಚೀಲಗಳನ್ನ ಗುಜರಿಯವನಿಗೆ ಕೊಟ್ಬಿಡು,” ಎಂದು ದೊಡ್ಡಮ್ಮನಿಗೆ ಹೇಳಿ ಅಂಗಡಿಗೆ ಹೋದರು. ಬುದ್ಧಿವಂತರೇ! ದೊಡ್ಡಮ್ಮ ಐದಕ್ಕೆ ಐದೂ ಚೀಲ ಕೊಟ್ಟರು.

ಮಧ್ಯಾಹ್ನ ಊಟಕ್ಕೆ ಬಂದಾಗ ದೊಡ್ಡಪ್ಪನಿಗೆ ವಿಷಯ ತಿಳಿಯಿತು. ದೊಡ್ಡಮ್ಮ ಬಾಗಿಲು ಹಾಕುವುದನ್ನೂ ಮರೆತು ಮುಂದೆ ಓಡಿದರು. ನಾವು ಹಿಂದೆ. ಗುಜರಿ ಅಂಗಡಿಯಲ್ಲಿ ಕಬ್ಬಿಣ ಕತ್ತರಿಸುವ ಯಂತ್ರ ಕಿರಿಚುತ್ತಿತ್ತು. ದೊಡ್ಡಪ್ಪ ಒಳಗೆ ಹೋಗಲಾರದೆ ಗೇಟಿನ ಹತ್ತಿರವೇ ನಿಂತುಬಿಟ್ಟರು.

ಅವರ ಕೈ ಹಿಡಿದು ಒಳಗೆ ಕರೆತಂದು ನೋಡಿದರೆ ಗುಜರಿಯವನ ಮೇಜಿನ ಪಕ್ಕದಲ್ಲೇ ಕೊಕ್ಕರೆ ನಿಂತಿದೆ!

“ನಿಮ್ದಾ ಸಾರ್?” ಎಂದ ಅವನು. “ಮಿಕ್ಕಿದ್ದೆಲ್ಲ ತಕ್ಕಡಿಗೆ ಹೋಯ್ತು. ಈ ಚೀಲ ಬಿಚ್ಚಿದ್ರೆ ಹಕ್ಕಿ! ಹಕ್ಕೀನ ಯಾರಾದ್ರೂ ತೂಕಕ್ಕೆ ಹಾಕ್ತಾರಾ? ಹುಡುಕ್ಕೊಂಡು ಬಂದೇ ಬರ್ತಾರೆ ಅಂತ ಕಾಯ್ತಿದ್ದೆ.”

ದಿನವಿಡೀ ಹಳೇ ಕಬ್ಬಿಣವನ್ನೇ ನೋಡುವ ಮನುಷ್ಯನ ಬಾಯಲ್ಲಿ ಬಂದ ಮಾತು ಅದು.

ದೊಡ್ಡಪ್ಪ ಕೊಕ್ಕರೆಯ ಕಡೆ ಕೈ ಚಾಚಿದರು. ದೊಡ್ಡಮ್ಮ ಆ ಕೈಯನ್ನು ಪಕ್ಕಕ್ಕೆ ತಳ್ಳಿ, ಅದನ್ನು ಎರಡೂ ಕೈಗಳಲ್ಲಿ ಎತ್ತಿ ಎದೆಗವಚಿಕೊಂಡರು.

“ಬಿಡಿ, ನಾನೇ ಎತ್ಕೋತೀನಿ. ಪಾಪ, ಸಣ್ಣ ಕಾಲು ಅದರದ್ದು.”