ಒಂದು ರಾತ್ರಿಯ ನಿದ್ದೆಗಾಗಿ ಸಖೀರ್‌ಗೆ

ಬಹ್ರೈನಿನಲ್ಲಿ ನಾವಿರುವ ಅರಾದ್‌ನಿಂದ ಸಖೀರ್ ಮರುಭೂಮಿಗೆ ಮೂವತ್ತೈದು ಕಿಲೋಮೀಟರ್ ಇರಬಹುದು. ಕಾರಿನಲ್ಲಾದರೆ ಮುಕ್ಕಾಲು ಗಂಟೆ ಸಾಕು. ನಾನೂ ನನ್ನ ಹೆಂಡತಿ ಜಲಜಳೂ ಫೆಬ್ರವರಿಯ ಒಂದು ಶುಕ್ರವಾರ ಬೆಳಿಗ್ಗೆ ಏಳಕ್ಕೆ ಹೊರಟು ಮಧ್ಯಾಹ್ನ ಒಂದಕ್ಕೆ ಅಲ್ಲಿ ತಲುಪಿದೆವು. ಹೊರಡುವುದಕ್ಕೆ ತಯಾರಾಗಲು ಮಾತ್ರ ಮೂರು ವರ್ಷ ಹಿಡಿದಿತ್ತು.

ನಮ್ಮದು ಕಾರಲ್ಲ, ಮೋಟರ್‌ಹೋಮ್. ಒಳಗೇ ಹಾಸಿಗೆ, ಒಲೆ, ನೀರಿನ ಟ್ಯಾಂಕು, ನಿಂತರೆ ತಲೆಗೆ ತಾಗುವ ಮಾಡು. ನಾನು ಹುಟ್ಟಿದ ವರ್ಷದ ಆಸುಪಾಸಿನಲ್ಲಿ ಜರ್ಮನಿಯಲ್ಲಿ ತಯಾರಾದದ್ದು. ಅವಾಲಿಯಲ್ಲಿ ಒಂದು ಬೇವಿನ ಮರದ ಕೆಳಗೆ ಹನ್ನೊಂದು ವರ್ಷ ಕದಲದೆ ನಿಂತಿತ್ತು. ಅದರ ಯಜಮಾನ ಅಬು ಅಲಿ ಎಂಬ ಬಹ್ರೈನಿ ನಿವೃತ್ತರು, ನನ್ನ ಅಂಗಡಿಗೆ ಪೈಪು ಕೊಳ್ಳಲು ಬರುತ್ತಿದ್ದವರು, ಒಂಬೈನೂರು ದಿನಾರಿಗೆ ಕೊಟ್ಟರು. ಬಹಳ ಅಗ್ಗವೆಂದು ನಾನು ಹಿಗ್ಗಿದೆ.

ಆಮೇಲೆ ಗೊತ್ತಾಯಿತು. ಗಾಜಿನ ಸುತ್ತಲಿನ ರಬ್ಬರು ಬರಬೇಕಾದರೂ ಜರ್ಮನಿಯಿಂದಲೇ ಬರಬೇಕು. ರಬ್ಬರಿಗಿಂತ ಅದರ ಸಾಗಣೆಯೇ ದುಬಾರಿ. ವಾರ್ಷಿಕ ತಪಾಸಣೆಯಲ್ಲಿ ಮೂರು ಸಲ ಫೇಲಾಯಿತು: ಒಮ್ಮೆ ಬ್ರೇಕಿಗೆ, ಒಮ್ಮೆ ಹೊಗೆಗೆ, ಮತ್ತೊಮ್ಮೆ ತಪಾಸಣೆಯ ಸಾಲಿನಲ್ಲೇ ಕೆಟ್ಟು ನಿಂತದ್ದಕ್ಕೆ. ಮಾಡು ಸೋರಿ ಒಳಗಿನ ಮರದ ಚೌಕಟ್ಟು ಹಿಡಿ ಹಿಡಿಯಾಗಿ ಉದುರುತ್ತಿತ್ತು. ಕೊಂಡ ಬೆಲೆಯ ನಾಲ್ಕು ಪಟ್ಟು ಸುರಿದ ಮೇಲೆ ನಾನು ಲೆಕ್ಕ ಬಿಟ್ಟೆ. ಮೂಗಿಗಿಂತ ಮೂಗುತಿ ಭಾರವಾಗಿತ್ತು.

ಜಲಜ ದಿನಾರಿನ ಬಗ್ಗೆ ಒಂದು ದಿನವೂ ಕೇಳಿದವಳಲ್ಲ. ಅವಳ ತಕರಾರು ಶುಕ್ರವಾರಗಳದ್ದು. ನನಗೆ ವಾರಕ್ಕೆ ಅದೊಂದೇ ರಜೆ. ಮೂರು ವರ್ಷ ಶುಕ್ರವಾರ ಬೆಳಗಾದರೆ ನಾನು ಸಲ್ಮಾಬಾದಿನ ಗ್ಯಾರೇಜಿನಲ್ಲಿ ಗಾಡಿಯ ಕೆಳಗೆ ಮಲಗಿರುತ್ತಿದ್ದೆ. ಮಗಳು ಮಂಗಳೂರಿಗೆ ಓದಲು ಹೋದ ಮೇಲಂತೂ ಇವಳು ಅರಾದ್‌ನ ಫ್ಲ್ಯಾಟಿನಲ್ಲಿ ಒಬ್ಬಳೇ ಉಂಡು, ನನ್ನ ಪಾಲನ್ನು ಮುಚ್ಚಿಡುತ್ತಿದ್ದಳು.

ಯಾಕೆ ಇಷ್ಟೆಲ್ಲ ಎಂದು ಸ್ನೇಹಿತರು ಕೇಳಿದರೆ ನಗುತ್ತಿದ್ದೆ. ಇಲ್ಲಿ ಹೇಳುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ಬಹ್ರೈನಿನಲ್ಲಿ ಆರು ಬಾಡಿಗೆ ಮನೆ ಬದಲಿಸಿದ್ದೇನೆ. ಗೋಡೆಗೆ ಮೊಳೆ ಹೊಡೆಯಲೂ ಯಜಮಾನನ ಅಪ್ಪಣೆ ಬೇಕು. ಚಕ್ರದ ಮೇಲಿದ್ದರೇನು, ನನ್ನ ಹೆಸರಿಗೆ ನೋಂದಣಿಯಾದ ಮಾಡು ಇದೊಂದೇ. ಅದರೊಳಗೆ ಎಷ್ಟು ಮೊಳೆ ಹೊಡೆದೆನೋ ನನಗೇ ತಿಳಿಯದು.

ಜನವರಿಯಲ್ಲಿ ಗಾಡಿ ಪಾಸಾದ ದಿನ ಜಲಜ ಒಂದು ಕರಾರು ಹಾಕಿದಳು.

"ಹ್ವಾಯ್, ಕಾಣಿ. ಸಖೀರಂಗೆ ಒಂದ್ ರಾತ್ರಿ ಅದ್ರೊಳ್ಗೆ ಮಲ್ಕಂಬ. ನಂಗೆ ನಿದ್ರಿ ಬಂದ್ರೆ ಇಟ್ಕಣಿ, ನಾ ಬಾಯಿ ಬಿಡುದಿಲ್ಲ. ಬರ್ದಿದ್ರೆ ಮಾರಿಬಿಡಿ. ಆತಾ?"

ಗಿರಾಕಿಯೂ ಸಿದ್ಧನಿದ್ದ. ಅಬು ಅಲಿಯವರ ಮಗನಿಗೆ ಬಹ್ರೈನಿಗಳು ಚಳಿಗಾಲದಲ್ಲಿ ಸಖೀರ್ ಮರಳಿನಲ್ಲಿ ಹೂಡುವ ಬಿಡಾರಗಳ ನಡುವೆ ಕರಕ್ ಎಂಬ ಗಟ್ಟಿ ಹಾಲಿನ ಚಹಾ ಮಾರಲು ಇಂಥದೇ ಗಾಡಿ ಬೇಕಿತ್ತು. ನಾನು ಆಗಲಿ ಎಂದೆ. ಜಲಜಳ ನಿದ್ದೆ ಎಂಥದೆಂದು ನನಗೆ ಗೊತ್ತು. ಹಾಸಿಗೆ ಬದಲಾದರೆ ಮೂರು ದಿನ ಹೊರಳಾಡುವವಳು.

ಮರುದಿನ ಶನಿವಾರ ಅಂಗಡಿಗೆ ರಜೆ ಹಾಕಿದ್ದೆ. ಹೊರಡುವಾಗ ಚಕ್ರದಡಿ ನಿಂಬೆಹಣ್ಣು ಇಟ್ಟೆವು. ಬುತ್ತಿಯಲ್ಲಿ ಚಪಾತಿ, ಒಣಸೀಗಡಿ ಚಟ್ನಿ, ಫ್ಲಾಸ್ಕಿನಲ್ಲಿ ಕಾಫಿ. ಮುಹರ್ರಕ್‌ನಿಂದ ಮನಾಮಾಕ್ಕೆ ದಾಟುವ ಸೇತುವೆಯ ಮೇಲೆ ಪಕ್ಕದಿಂದ ಗಾಳಿ ಹೊಡೆದು ಗಾಡಿ ವಾಲತೊಡಗಿತು. ಐವತ್ತರ ವೇಗ ದಾಟಿದರೆ ಪಾತ್ರೆಗಳೆಲ್ಲ ಒಟ್ಟಿಗೆ ಮಾತಾಡುತ್ತವೆ. ಹಿಂದಿನವರು ಹಾರ್ನ್ ಹೊಡೆದು, ಪಕ್ಕಕ್ಕೆ ಬಂದು ನೋಡಿ, ನಗುತ್ತ ಫೋಟೋ ತೆಗೆದು ಮುಂದೆ ಹೋಗುತ್ತಿದ್ದರು. ಜಲಜ ಸೆರಗು ಮುಖಕ್ಕೆ ಎಳೆದುಕೊಂಡಳು.

ಸಲ್ಮಾಬಾದಿನಲ್ಲಿ ಹಂಝನ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಹಂಝ ಉಳ್ಳಾಲದ ಬ್ಯಾರಿ, ಮೂರು ವರ್ಷವೂ ನನ್ನ ಜೊತೆ ಈ ಗಾಡಿಗೆ ಕೈಹಾಕಿದ ಮೆಕ್ಯಾನಿಕ್. ಶುಕ್ರವಾರದ ನಮಾಜಿಗೆ ಹೋಗುವ ಮೊದಲು ಒಮ್ಮೆ ನೋಡುತ್ತೇನೆಂದು ಬಂದಿದ್ದ. ನೀರು, ಬೆಲ್ಟು ನೋಡಿ, ಒಳಗೆ ಹತ್ತಿ, ಮೂಗರಳಿಸಿದ.

"ಶೇಖರಣ್ಣ, ವಾಸನೆ ಇನ್ನೂ ಉಂಟಲ್ಲ."

"ಹೊಸ ಮರದ್ದು," ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಅದು ಹೊಸ ಮರದ ವಾಸನೆಯಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಾನು ಗಂಗೊಳ್ಳಿಯವನು. ನಮ್ಮಲ್ಲಿ ದೋಣಿಯ ಮರಕ್ಕೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಾರೆ. ಆಮೇಲೆ ಹುಳ ಮುಟ್ಟುವುದಿಲ್ಲ, ನೀರು ಇಳಿಯುವುದಿಲ್ಲ. ನನ್ನ ಅಪ್ಪನ ದೋಣಿ ಹಾಗೆಯೇ ಮೂವತ್ತು ವರ್ಷ ಬಾಳಿತು. ಗಾಡಿಯ ಚೌಕಟ್ಟನ್ನೂ ಹಾಸಿಗೆ ಪಕ್ಕದ ಹಲಗೆಗಳನ್ನೂ ಹೊಸದಾಗಿ ಕೂರಿಸಿದಾಗ, ಈ ಊರಿನ ಯಾವ ಡಬ್ಬಿಯ ಮೇಲೂ ನನಗೆ ನಂಬಿಕೆ ಬರಲಿಲ್ಲ. ಊರಿಗೆ ಹೋದವನು ಎರಡು ಬಾಟಲಿ ಗೇರೆಣ್ಣೆಯನ್ನು ಏಳು ಪ್ಲಾಸ್ಟಿಕ್ ಸುತ್ತಿ, ಉಪ್ಪಿನಕಾಯಿಯ ನಡುವೆ ಹುದುಗಿಸಿ ತಂದಿದ್ದೆ.

ಹಂಝ ಆಗಲೇ ಹೇಳಿದ್ದ: "ಅಣ್ಣ, ದೋಣಿಗಾದ್ರೆ ಗಾಳಿ ಬಿಸಿಲು ಉಂಟು. ಇದು ಮುಚ್ಚಿದ ಪೆಟ್ಟಿಗೆ. ಒಣಗ್ಲಿಕ್ಕಿಲ್ಲ." ದೋಣಿಯ ವಿಷಯ ಬ್ಯಾರಿಗೇನು ಗೊತ್ತು ಎಂದು ತಮಾಷೆ ಮಾಡಿದ್ದೆ. ಕಡಲ ಬದಿಯ ಉಳ್ಳಾಲದವನಿಗೆ ದೋಣಿ ಗೊತ್ತಿಲ್ಲದೆ ಇರುತ್ತದೆಯೇ? ಡಿಸೆಂಬರಿನ ಚಳಿಯಲ್ಲಿ ಬಳಿದೆ, ಮುಟ್ಟಿದರೆ ಒಣಗಿದಂತೆ ಕಂಡಿತು, ಮೇಲೊಂದು ವಾರ್ನಿಷ್ ಎಳೆದೆ. ಗ್ಲೌಸ್ ಹಾಕಿದ್ದರೂ ಒಂದು ಬೆರಳಿನ ತೊಗಲು ಎದ್ದಿತ್ತು. ಅದನ್ನು ಮನೆಯಲ್ಲಿ ಹೇಳಲಿಲ್ಲ.

ಅವಾಲಿ ತಲುಪುವಷ್ಟರಲ್ಲಿ ಎಂಜಿನ್ ಕಾದು, ರಸ್ತೆ ಬದಿಗೆ ನಿಲ್ಲಿಸಬೇಕಾಯಿತು. ಒಂದು ಗಂಟೆ ಮೇಲಾಯಿತು ತಣಿಯಲು. ಅಲ್ಲೇ ಚಪಾತಿ ತಿಂದೆವು. ಮತ್ತೆ ಎರಡು ಮೈಲಿ, ಮತ್ತೆ ನಿಲುಗಡೆ. ಕುಡಿಯುವ ನೀರಿನಲ್ಲಿ ಅರ್ಧ ರೇಡಿಯೇಟರಿಗೆ ಹೋಯಿತು. ನನಗೆ ಸಿಟ್ಟೂ ಬರಲಿಲ್ಲ, ಅಷ್ಟು ಸುಸ್ತಾಗಿತ್ತು. ಜಲಜ ನನ್ನ ಅಂಗಿಯ ಮಸಿ ಒರೆಸಿದಳು.

ಸಖೀರ್‌ನಲ್ಲಿ ಎಣ್ಣೆಯ ಕೊಳವೆಗಳು ಮರಳ ಮೇಲೆ ಮಂಡಿಯೆತ್ತರದಲ್ಲಿ ಹರಿದಿವೆ. ಅವುಗಳ ಆಚೆಗೆ ಬಿಡಾರಗಳು, ಜನರೇಟರುಗಳ ಗುರುಗುರು, ಮಕ್ಕಳ ಮೋಟಾರು ಗಾಡಿಗಳ ಧೂಳು. ಅಬು ಅಲಿಯವರ ಬಿಡಾರ ಹುಡುಕಿ ಅದರಿಂದ ನೂರು ಹೆಜ್ಜೆ ದೂರದಲ್ಲಿ ನಿಲ್ಲಿಸಿದೆ. ಅವರು ಬಂದು ಗಾಡಿಯನ್ನು ಒಂದು ಸುತ್ತು ನೋಡಿದರು, ಬಾಗಿಲು ತೆರೆದು ಮುಚ್ಚಿದರು, ಕೈಯಿಂದ ಮಾಡು ತಟ್ಟಿದರು. ನಾವು ಮಾತಾಡುವುದು ಹಿಂದಿಯಲ್ಲಿ. ಅವರ ಹಿಂದಿಗೆ ಅರಬ್ಬಿ ಕಾಲು, ನನ್ನದಕ್ಕೆ ಕುಂದಾಪುರದ ಕಾಲು.

"ಸದೀಕ್, ಯೇ ಕಿತನಾ ಖಾಯಾ?" ಗೆಳೆಯಾ, ಇದು ಎಷ್ಟು ತಿಂದಿತು ಎಂಬ ಪ್ರಶ್ನೆ.

"ಬಹುತ್ ಖಾಯಾ."

ಅವರು ತಲೆಯಾಡಿಸಿದರು. ತಮ್ಮನ್ನು ನಾಲ್ಕು ವರ್ಷ ತಿಂದ ಮೇಲೆಯೇ ಮರದ ಕೆಳಗೆ ನಿಲ್ಲಿಸಿದ್ದೆಂದೂ, ಅಗ್ಗಕ್ಕೆ ಕೊಟ್ಟದ್ದು ಅದರ ಬೆಲೆ ಗೊತ್ತಿದ್ದರಿಂದಲೇ ಎಂದೂ ಹೇಳಿ, ತಮ್ಮ ಅರಬ್ಬಿ ಕಾಫಿ ಗಹ್ವಾ ಕುಡಿಯಲು ಕರೆದರು. ಗಹ್ವಾ, ಖರ್ಜೂರ, ಹಲ್ವಾ. ಗಾಡಿ ಅಷ್ಟು ಹೊತ್ತೂ ಕಿಟಕಿ ಮುಚ್ಚಿಕೊಂಡು ಬಿಸಿಲಲ್ಲೇ ನಿಂತಿತ್ತು.

ಸಂಜೆ ಜಲಜ ಗಾಡಿಯ ಒಲೆಯಲ್ಲೇ ಅನ್ನ, ಮೊಟ್ಟೆ ಸಾರು ಮಾಡಿದಳು. ಬಿಡಾರದ ಗದ್ದಲ ಕಡಿಮೆಯಾದ ಮೇಲೆ ಮಲಗಿದೆವು. ಬೀಳುವ ಹೆದರಿಕೆಯಿಂದ ಅವಳು ಯಾವತ್ತೂ ಗೋಡೆಯ ಬದಿ. ಇಲ್ಲಿಯೂ ಹಲಗೆಗೆ ಒತ್ತಿಕೊಂಡೇ ಮಲಗಿದಳು. ನಾನು ಮಾತ್ರ ಆ ದಿನದ ಸುಸ್ತಿಗೆ ಸತ್ತವನಂತೆ ನಿದ್ದೆ ಹೋದೆ.

ಎಚ್ಚರವಾದಾಗ ಆರೂವರೆ. ಅವಳು ಹೊರಗೆ ಮೆಟ್ಟಿಲ ಮೇಲೆ ಶಾಲು ಹೊದ್ದು ಕುಳಿತಿದ್ದಳು.

"ನಿದ್ರಿ ಬಂತಾ?" ಎಂದು ಕೇಳಿದೆ.

"ಹ್ಞಾಂ, ಒಳ್ಳೆ ನಿದ್ರಿ ಬಂತ್. ಇಟ್ಕಣಿ ನಿಮ್ ಗಾಡಿ."

ಆ ಕ್ಷಣದ ಖುಷಿಯನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮೂರು ವರ್ಷದ ಬೆನ್ನುನೋವು ಇಳಿದಂತಾಯಿತು. ನೆಟ್ಟಗೆ ಅಬು ಅಲಿಯವರ ಬಿಡಾರಕ್ಕೆ ಹೋಗಿ, ಮಾರುವುದಿಲ್ಲ ಎಂದೆ. ಅವರು ಬೇಸರಿಸದೆ "ಮಬ್ರೂಕ್" ಎಂದು ಅಭಿನಂದಿಸಿ, ಜಲಜಳನ್ನೂ ಕರೆಸಿ, ಚಹಾ ಬಗ್ಗಿಸಿದರು.

ಲೋಟ ತೆಗೆದುಕೊಳ್ಳಲು ಜಲಜ ಕೈ ಚಾಚಿದಾಗ ಶಾಲು ಜಾರಿತು. ಮಣಿಕಟ್ಟಿನಿಂದ ಮೊಣಕೈಯವರೆಗೆ ನೀರುಗುಳ್ಳೆ. ಸುತ್ತಲಿನ ತೊಗಲು ಕಪ್ಪಗೆ, ಕೊಬ್ಬರಿ ಎಣ್ಣೆಯಿಂದ ಜಿಡ್ಡು ಜಿಡ್ಡು. ಅಬು ಅಲಿ ಬಿಸಿ ಎಣ್ಣೆ ಸಿಡಿಯಿತೇ ಎಂದು ಕೇಳಿದರು. ನಮ್ಮ ಕಡೆಯವರು ಯಾರೂ ಹಾಗೆ ಕೇಳುವುದಿಲ್ಲ. ಗೇರುಬೀಜದ ಕಾರ್ಖಾನೆಯ ಹೆಂಗಸರ ಬೆರಳುಗಳನ್ನು ನೋಡಿ ಬೆಳೆದವರಿಗೆ ಗೇರೆಣ್ಣೆಯ ಸುಟ್ಟ ಗಾಯ ನೋಡಿದ ಕೂಡಲೇ ಗೊತ್ತಾಗುತ್ತದೆ.

ನಾನು ಎದ್ದು ಗಾಡಿಗೆ ಹೋದೆ. ಅವಳು ಮಲಗಿದ್ದ ಬದಿಯ ಹಲಗೆಯಲ್ಲಿ ವಾರ್ನಿಷ್ ಬಿರುಕು ಬಿಟ್ಟು ಕಂದು ಬೆವರು ಒಸರಿತ್ತು. ದಿಂಬಿನ ಪಕ್ಕ ಕೊಬ್ಬರಿ ಎಣ್ಣೆಯ ಬಾಟಲಿ ಖಾಲಿ. ಜಲಜ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು.

"ಎಷ್ಟ್ ಹೊತ್ತಿಗೆ ಶುರುವಾದ್ದ್?"

"ಮಲ್ಗಿ ಸುಮಾರ್ ಹೊತ್ತಾಯಿತ್ತ್."

"ನನ್ನ ಎಬ್ಬಿಸ್ಲಿಲ್ಲ ಎಂತಕೆ?"

"ಎಬ್ಸಿರೆ ನೀವ್ ಮಾರ್ತಿದ್ರಿ ಅಲ್ದಾ?" ಅವಳು ತೋಳನ್ನು ಶಾಲಿನೊಳಗೆ ಎಳೆದುಕೊಂಡಳು. "ಮೂರ್ ವರ್ಷದ ಶುಕ್ರವಾರ ಎಲ್ಲ ಇದಕ್ಕೇ ಹೋಯ್ತ್. ನಿಮ್ದೂ ಹೋಯ್ತ್, ನಂದೂ ಹೋಯ್ತ್. ಈಗ ಮಾರಿರೆ ಅದೆಲ್ಲ ಎಂತಕ್ಕೆ ಅಂತ ಆಪುದಿಲ್ಯಾ?"

ನನಗೆ ನಾಚಿಕೆಯಾಯಿತು. ಬೆರಳಿನ ತೊಗಲು ಎದ್ದದ್ದನ್ನು ನಾನು ಮುಚ್ಚಿಟ್ಟೆ, ತೋಳು ಸುಟ್ಟದ್ದನ್ನು ಅವಳು ಮುಚ್ಚಿಟ್ಟಳು. ಎರಡೂ ಒಂದೇ ಅಲ್ಲ. ಆ ಗಾಡಿಗೆ ನಾನು ನೂರೈವತ್ತು ಶುಕ್ರವಾರ ಕೊಟ್ಟಿದ್ದೆ. ಅವಳು ಮಲಗುವುದು ಯಾವ ಬದಿ ಎಂದು ಒಂದು ನಿಮಿಷ ಯೋಚಿಸಿರಲಿಲ್ಲ.

ಮತ್ತೆ ಬಿಡಾರಕ್ಕೆ ಹೋಗಿ ಕೀಲಿಯನ್ನು ಅಬು ಅಲಿಯವರ ಮುಂದಿನ ತಟ್ಟೆಯಲ್ಲಿಟ್ಟೆ. ಹಲಗೆಗಳನ್ನೆಲ್ಲ ಕಿತ್ತು ಹಾಕಿಸಬೇಕು, ಬರಿಗೈಯಲ್ಲಿ ಮುಟ್ಟಬಾರದು ಎಂದು ಎರಡು ಸಲ ಹೇಳಿದೆ. ಅದಕ್ಕೆಂದು ಬೆಲೆಯಲ್ಲಿ ನೂರು ದಿನಾರು ನಾನೇ ಇಳಿಸಿದೆ. ಅವರು ಕೀಲಿಯನ್ನು ಜೇಬಿಗಿಳಿಸಿದರು. ಕಾಗದಪತ್ರ ಮಾಡಿಸಲು ಭಾನುವಾರ ಬರುತ್ತೇನೆ ಎಂದಷ್ಟೇ ಹೇಳಿದರು. ಜಲಜ ಹೊರಗೆ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ನಿದ್ರಿ ಬಂತ್ ಅಂದೆ ಅಲ್ದಾ ನಾನ್," ಎಂದಳು, ಸಿಟ್ಟಿನಲ್ಲಿ. ನಾನು ಚೀಲ ಎತ್ತಿಕೊಂಡೆ.

ಟ್ಯಾಕ್ಸಿ ಬರಲು ಒಂದು ಗಂಟೆ ಹಿಡಿಯಿತು. ನೀರುಗುಳ್ಳೆಗಳನ್ನು ತೋರಿಸಲು ದಾರಿಯಲ್ಲಿ ಕ್ಲಿನಿಕ್ಕಿಗೆ ಹೋದೆವು. ಮುಲಾಮು, ಮಾತ್ರೆ ಕೊಟ್ಟು, ತೋಳಿಗೆ ಬಟ್ಟೆ ಸುತ್ತಿದರು. ಟ್ಯಾಕ್ಸಿಯನ್ನು ಕಾಯಿಸಿದ್ದೆ. ಮತ್ತೆ ಹತ್ತಿದಾಗ ಅವಳು ನನ್ನ ಕಡೆ ನೋಡದೆ ಕಿಟಕಿಗೆ ತಲೆಯಿಟ್ಟಳು. ಸಲ್ಮಾಬಾದಿನ ತಿರುವು ದಾಟಿದ ಮೇಲೆ ತಲೆ ನಿಧಾನವಾಗಿ ಈ ಕಡೆಗೆ ವಾಲಿ ನನ್ನ ಹೆಗಲ ಮೇಲೆ ಕೂತಿತು. ಸೇತುವೆಯ ಮೇಲೆ ಅದೇ ಗಾಳಿ ಬೀಸುತ್ತಿತ್ತು, ಕಾರು ಅಲುಗಲಿಲ್ಲ. ಬಾಯಿ ಅರೆ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ, ಅವಳು ಬಾಡಿಗೆ ಕಾರಿನಲ್ಲಿ ಗಾಢ ನಿದ್ದೆ ಮಾಡಿದಳು.

ಅರಾದ್‌ನಲ್ಲಿ ನಮ್ಮ ಕಟ್ಟಡದ ಮುಂದೆ ಚಾಲಕ ನಿಧಾನಿಸಿದ. ಮೋಟರ್‌ಹೋಮ್ ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆಯೂ, ಜಜ್ಜಿದ ನಿಂಬೆಹಣ್ಣೂ ಹಾಗೇ ಇದ್ದವು. ಮೀಟರಿನಲ್ಲಿ ಹದಿನಾಲ್ಕು ದಿನಾರು ದಾಟಿತ್ತು. ನಿಲ್ಲಿಸಬೇಡಿ, ಕಡಲ ಬದಿಯಿಂದ ಇನ್ನೊಂದು ಸುತ್ತು ಹಾಕಿ ಬನ್ನಿ ಎಂದು ಪಿಸುದನಿಯಲ್ಲಿ ಹೇಳಿದೆ. ಎಲ್ಲಿಗೆ ಎಂದು ಅವನು ಕೇಳಿದ. ಅವಳು ಏಳುವವರೆಗೆ, ಎಂದೆ.